ಯಾರ್ಕ್‌ಶೈರ್ ತ್ರೀ ಪೀಕ್ಸ್: ಒಂದೇ ದಿನ ಮೂರು ಬೆಟ್ಟ, ನಮ್ಮ ಪ್ಲಾನ್ ಸರಿ ಇದೆಯಾ?

ಹೊಸಬೂಟು:

ಎಲ್ಲರಿಗೂ ನಮಸ್ಕಾರ. ಲೀಡ್ಸ್‌ನಲ್ಲಿರೋ ನಾವು ಆರು ಜನ ಸೆಪ್ಟೆಂಬರ್ ಮೂರನೇ ಶನಿವಾರ ಯಾರ್ಕ್‌ಶೈರ್ ತ್ರೀ ಪೀಕ್ಸ್ ಮಾಡೋಣ ಅಂತಿದ್ದೀವಿ. 12 ಗಂಟೆ ಒಳಗೆ ಮುಗಿಸಬೇಕು ಅನ್ನೋದು ಆಸೆ. ಎಲ್ಲರೂ ಕುಮಾರ ಪರ್ವತ, ಕುದುರೆಮುಖ ಹತ್ತಿದವರೇ. ಇಲ್ಲಿ ಯಾವ ಬೆಟ್ಟವೂ 750 ಮೀಟರ್ ದಾಟಲ್ಲ, ಹಾಗಾಗಿ ಅಷ್ಟೇನೂ ಕಷ್ಟ ಆಗಲಿಕ್ಕಿಲ್ಲ ಅನ್ನೋ ಲೆಕ್ಕದಲ್ಲಿದ್ದೀವಿ.

ಬೆಳಗ್ಗೆ ರೈಲಲ್ಲಿ, ಸುತ್ತು ಶುರುವಾಗೋ ಹಾರ್ಟನ್ ಹಳ್ಳಿಗೆ ಹೋಗಿ 8ಕ್ಕೆ ನಡೆಯೋಕೆ ಶುರು, ರಾತ್ರಿ 8ಕ್ಕೆ ವಾಪಸ್. ಮಧ್ಯಾಹ್ನದ ಊಟಕ್ಕೆ ಪುಳಿಯೋಗರೆ ಕಟ್ಟಿಕೊಂಡು ಹೋಗೋದು. ಇದರಲ್ಲಿ ತಪ್ಪೇನಾದರೂ ಇದ್ದರೆ ಹೇಳಿ. ಯಾವ ಬೆಟ್ಟ ಮೊದಲು, ಎಷ್ಟು ನೀರು, ಊರಿಂದ ತಂದ ಬೂಟು ಸಾಕಾ, ಇವು ಮುಖ್ಯ ಪ್ರಶ್ನೆಗಳು.

ಏರುತಗ್ಗು:

ಮೊದಲು ಒಂದು ವಿಷಯ. ಬರೀ "ತ್ರೀ ಪೀಕ್ಸ್" ಅಂತ ಹುಡುಕಿದರೆ ಬೆನ್ ನೆವಿಸ್, ಸ್ಕಾಫೆಲ್ ಪೈಕ್, ಸ್ನೋಡನ್ ಮೂರನ್ನೂ ನಡುನಡುವೆ ಕಾರು ಓಡಿಸಿಕೊಂಡು 24 ಗಂಟೆಯಲ್ಲಿ ಹತ್ತುವ ನ್ಯಾಷನಲ್ ತ್ರೀ ಪೀಕ್ಸ್ ಕಣ್ಣಿಗೆ ಬೀಳುತ್ತೆ. ಅದರ ವೇಳಾಪಟ್ಟಿ ಇದಕ್ಕೆ ಹೊಂದಲ್ಲ. ನಿಮ್ಮದು ಪೆನಿಗೆಂಟ್ 694 ಮೀ., ವರ್ನ್‌ಸೈಡ್ 736 ಮೀ., ಇಂಗಲ್‌ಬರೊ 723 ಮೀ. ಮೂರೂ ಸೇರಿ ಒಂದೇ ಸುತ್ತು, ಪೂರ್ತಿ ಕಾಲ್ನಡಿಗೆ.

ಎತ್ತರ ನೋಡಿ ಮೋಸ ಹೋಗಬೇಡಿ. ಒಟ್ಟು ದೂರ ಸುಮಾರು 39 ಕಿ.ಮೀ., ಒಟ್ಟು ಏರಿಕೆ ಸುಮಾರು 1,585 ಮೀ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಹತ್ತೋದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿ ಬಹುಪಾಲು ಒಂದೇ ಏರು. ಇಲ್ಲಿ ಕಷ್ಟಪಟ್ಟು ಏರಿದ್ದನ್ನು ಎರಡು ಸಲ ಕಣಿವೆ ತನಕ ಇಳಿದು ಕಳೆದುಕೊಂಡು, ಮತ್ತೆ ಬುಡದಿಂದ ಶುರು ಮಾಡಬೇಕು. ಜನ ಸೋಲೋದು ಏರಿನಲ್ಲಲ್ಲ, ಬೆಟ್ಟ ಬೆಟ್ಟಗಳ ನಡುವಿನ ಸಪಾಟು ದಾರಿಯಲ್ಲಿ. ಅಲ್ಲಿ ಮಾತಾಡಿಕೊಂಡು ನಿಧಾನ ಮಾಡಿದ ಹೊತ್ತು ಆಮೇಲೆ ಎಲ್ಲೂ ಸಿಗಲ್ಲ. 12 ಗಂಟೆ ಅಂದರೆ ಊಟ, ಫೋಟೊ, ಲೇಸ್ ಬಿಗಿಯೋದು ಎಲ್ಲ ಸೇರಿ ಗಂಟೆಗೆ 3.25 ಕಿ.ಮೀ. ಸರಾಸರಿ.

ಲೆಕ್ಕಕ್ಕೆ ನೈಸ್ಮಿತ್ ಸೂತ್ರ ಹಿಡಿಯಿರಿ. 1892ರಿಂದ ಬಳಕೆಯಲ್ಲಿದೆ, ಇವತ್ತಿಗೂ ಕೆಲಸಕ್ಕೆ ಬರುತ್ತೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. 39 ಕಿ.ಮೀ.ಗೆ 7 ಗಂಟೆ 48 ನಿಮಿಷ, ಏರಿಗೆ 2 ಗಂಟೆ 38 ನಿಮಿಷ. ಅಂದರೆ ಒಂದು ನಿಮಿಷವೂ ನಿಲ್ಲದೆ ಹತ್ತೂವರೆ ಗಂಟೆ. ವಿಶ್ರಾಂತಿಗೆ ಉಳಿಯೋದು ಬರೀ ಒಂದೂವರೆ ಗಂಟೆ, ಅದೂ ಆರೂ ಜನರಿಗೆ ಸೇರಿ. ಒಬ್ಬರು ನಿಂತರೆ ಆರೂ ಜನ ನಿಂತ ಹಾಗೆ.

ಈಗ ನಿಮ್ಮ 8 ಗಂಟೆ. ಆ ವಾರ ಅಲ್ಲಿ ಸೂರ್ಯ ಹುಟ್ಟೋದು ಸುಮಾರು 6:50ಕ್ಕೆ, ಮುಳುಗೋದು 7:15ರ ಆಸುಪಾಸು. 8ಕ್ಕೆ ಹೊರಟರೆ ಕೊನೆಯ ಮುಕ್ಕಾಲು ಗಂಟೆ ಕತ್ತಲಲ್ಲಿ. ಆ ಮುಕ್ಕಾಲು ಗಂಟೆ ಇರೋದು ಸಲ್ಬರ್ ನಿಕ್ ಅನ್ನೋ ಸುಣ್ಣಕಲ್ಲಿನ ಓಣಿಯಲ್ಲಿ. ಸಾವಿರಾರು ಬೂಟು ಉಜ್ಜಿ ನುಣುಪಾದ ಕಲ್ಲು, ಮಂಜು ಬಿದ್ದರೆ ಸೋಪು ಹಚ್ಚಿದಂತೆ. 30 ಕಿ.ಮೀ. ನಡೆದ ಕಾಲಲ್ಲಿ, ಟಾರ್ಚ್ ಹಿಡಿದು ಅಲ್ಲಿ ನಡೆಯೋ ಪ್ಲಾನ್ ಮಾಡಬೇಡಿ. 6:30ಕ್ಕೆ ಹೊರಡಿ, ಆ ಹೊತ್ತಿಗೆ ನಸುಬೆಳಕು ಇರುತ್ತೆ. ರೈಲು ನಂಬಿದರೆ ಹೊರಡುವ ಹೊತ್ತು ನಿಮ್ಮ ಕೈಯಲ್ಲಿರಲ್ಲ, ಹಿಂದಿನ ರಾತ್ರಿ ಹಾರ್ಟನ್‌ನಲ್ಲೋ ಹತ್ತಿರದ ಸೆಟಲ್ ಊರಲ್ಲೋ ಉಳಿದುಕೊಳ್ಳಿ.

ನಿಲ್ಲುವ ಹೊತ್ತೂ ಸೇರಿಸಿ ಹೀಗೆ ಬರುತ್ತೆ:

6:30 ಹಾರ್ಟನ್
8:15 ಪೆನಿಗೆಂಟ್ (5 ಕಿ.ಮೀ.), 10 ನಿಮಿಷ
10:55 ರಿಬಲ್‌ಹೆಡ್ (ಮತ್ತೆ 11 ಕಿ.ಮೀ.), 30 ನಿಮಿಷ
1:25 ವರ್ನ್‌ಸೈಡ್ (6.5 ಕಿ.ಮೀ.), 10 ನಿಮಿಷ
2:35 ಚಾಪೆಲ್-ಲಿ-ಡೇಲ್, ಹಿಲ್ ಇನ್ ಪಬ್ ಹತ್ತಿರ (4.5 ಕಿ.ಮೀ.), 20 ನಿಮಿಷ
4:30 ಇಂಗಲ್‌ಬರೊ (4 ಕಿ.ಮೀ.), 10 ನಿಮಿಷ
6:20 ಹಾರ್ಟನ್ (8 ಕಿ.ಮೀ.)

ದೂರಗಳು ಅಂದಾಜು. ಇದಕ್ಕಿಂತ ಮುಖ್ಯವಾದದ್ದು ಎರಡು ಗಡುವು: ರಿಬಲ್‌ಹೆಡ್ ಬಿಡೋದು 12 ದಾಟಬಾರದು, ಹಿಲ್ ಇನ್ ಬಿಡೋದು 3:30 ದಾಟಬಾರದು. 3:30ಕ್ಕೆ ಬಿಟ್ಟರೆ 6:55ಕ್ಕೆ ಹಾರ್ಟನ್, ಬೆಳಕಿಗೆ ಇಪ್ಪತ್ತೇ ನಿಮಿಷ ಉಳಿದಿರುತ್ತೆ. ಗಡುವು ಮೀರಿದರೆ ಅಲ್ಲಿಗೇ ನಿಲ್ಲಿಸೋದು ಅಂತ ಮನೆಯಲ್ಲೇ ಒಪ್ಪಿಕೊಂಡು ಬನ್ನಿ. ಅಲ್ಲಿ ನಿಂತು ಚರ್ಚೆ ಶುರು ಮಾಡಿದರೆ "ಇಷ್ಟು ದೂರ ಬಂದಿದ್ದೀವಿ" ಅನ್ನೋ ಮಾತೇ ಗೆಲ್ಲೋದು.

ದಿಕ್ಕು: ಪೆನಿಗೆಂಟ್ ಮೊದಲು, ಅಂದರೆ ಗಡಿಯಾರಕ್ಕೆ ಎದುರು ಸುತ್ತು. ಪೆನಿಗೆಂಟ್‌ನ ದಕ್ಷಿಣದ ಮೂತಿಯಲ್ಲಿ ಎರಡು ಕಡೆ ಕೈ ಊರಿ ಬಂಡೆ ಹತ್ತಬೇಕು. ಅದನ್ನು ಹೊಸ ಕಾಲಲ್ಲಿ ಹತ್ತೋದು ಸುಲಭ, ದಿನದ ಕೊನೆಗೆ ಒದ್ದೆ ಬಂಡೆಯಲ್ಲಿ ಇಳಿಯೋದು ಬೇಡವೇ ಬೇಡ. ಜೊತೆಗೆ ರಿಬಲ್‌ಹೆಡ್‌ನಲ್ಲಿ ರೈಲು ನಿಲ್ದಾಣ ಇದೆ, ಅದು ಅರ್ಧ ದಾರಿಗೂ ಮೊದಲೇ ಸಿಗುತ್ತೆ. ಆಗದವರು ಅಲ್ಲಿಂದ ಒಂದೇ ನಿಲ್ದಾಣ ಹಿಂದೆ ಬಂದರೆ ಹಾರ್ಟನ್.

ಧಾರವಾಡಮಳಿ:

ಮ್ಯಾಲಿನವರು ಹೊತ್ತಿನ ಲೆಕ್ಕ ಹೇಳ್ಯಾರ, ನಾ ಕಾಲು, ಬಟ್ಟಿ, ಹೊಟ್ಟಿ ವಿಷಯ ಹೇಳ್ತೀನಿ.

ಊರಿಂದ ತಂದ ಬೂಟು ಎಷ್ಟು ವರ್ಷದಿಂದ ಪೆಟ್ಟಿಗ್ಯಾಗ ಕುಂತಾವ? ಅದನ್ನ ಮೊದಲ ನೋಡ್ರಿ. ಭಾಳ ಬೂಟಿನ ತಳದ ನಡುವಿನ ಪದರ ಪಾಲಿಯುರೆಥೇನ್‌ದ ಇರ್ತದ. ಹಾಕ್ಕೊಳ್ಳದ ಹಂಗ ಇಟ್ರೂ ಗಾಳಿಯಾಗಿನ ಆರ್ದ್ರತೆಗೆ ಅದು ಒಳಗಿಂದೊಳಗ ಹಾಳಾಗ್ತದ. ಹೊರಗ ಹೊಸಾದರ ಹಂಗ ಕಾಣಸ್ತದ, ಹತ್ತು ಕಿಲೋಮೀಟರ್ ನಡದ ಮ್ಯಾಲ ತಳ ಚಪ್ಪಲಿ ಹಂಗ ಕಿತ್ತು ಬರ್ತದ. ಕೈಯಾಗ ಹಿಡದು ಜೋರಾಗಿ ಬಗ್ಗಿಸ್ರಿ, ತಳದ ಬಾಜೂಕ ಹೆಬ್ಬೆಟ್ಟಿನಿಂದ ಒತ್ತಿ ನೋಡ್ರಿ. ಬಿರುಕು ಕಂಡ್ರ, ಪುಡಿ ಉದುರಿದ್ರ ಬಿಟ್ಟುಬಿಡ್ರಿ. ಚೊಲೋ ಅದಾವ ಅಂದ್ರೂ ಮೊದಲ ಒಂದ್ಸಲ 15 ಕಿ.ಮೀ. ಹಾಕ್ಕೊಂಡು ನಡೀರಿ. ಹೊಸಾ ಬೂಟು ಆ ದಿನಾನ ಹಾಕ್ಕೊಂಡು ಬರೋದು ಇನ್ನೂ ದೊಡ್ಡ ತಪ್ಪು.

ಸಾಕ್ಸು ಹತ್ತೀದು ಬ್ಯಾಡ, ಉಣ್ಣಿದು ಇಲ್ಲಾ ಸಿಂಥೆಟಿಕ್ ಇರ್ಲಿ. ಇನ್ನೊಂದು ಜೋಡಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಟ್ಟು ರಿಬಲ್‌ಹೆಡ್‌ನ್ಯಾಗ ಬದಲಿ ಮಾಡ್ರಿ. ಗುಳ್ಳಿ ಏಳೂಕಿಂತ ಮೊದಲ ಆ ಜಾಗಾ ಬಿಸಿ ಅನಸ್ತದ. ಅನಿಸಿದ ಕೂಡಲೇ ನಿಂತು ಝಿಂಕ್ ಆಕ್ಸೈಡ್ ಟೇಪ್ ಅಂಟಿಸ್ರಿ. "ಮುಂದಿನ ಗೇಟಿಗೆ ನೋಡೋಣ" ಅಂದ್ರ ಅಷ್ಟೊತ್ತಿಗೆ ಗುಳ್ಳಿ ಎದ್ದಿರ್ತದ, ಒದ್ದಿ ಕಾಲಿಗೆ ಟೇಪೂ ಹತ್ತೂದಿಲ್ಲ.

ಜೀನ್ಸ್ ಬ್ಯಾಡ. ಒದ್ದಿ ಆತಂದ್ರ ಒಣಗೂದಿಲ್ಲ, ಮೈಯಾಗಿನ ಬಿಸಿ ಎಲ್ಲಾ ಎಳಕೊಂತದ. ಲೀಡ್ಸ್‌ನ್ಯಾಗ 15 ಡಿಗ್ರಿ ಇದ್ರ ತುದಿಮ್ಯಾಲ 11 ಅಂತ ಹಿಡೀರಿ, ಅದರ ಮ್ಯಾಲ ಗಾಳಿ. ಟೊಪ್ಪಿಗಿ ಇರೋ ಮಳಿ ಜಾಕೆಟ್, ಮಳಿ ಪ್ಯಾಂಟು, ತೆಳು ಕೈಗವಸು, ಉಣ್ಣಿ ಟೊಪ್ಪಿಗಿ, ಚೀಲದಾಗ ಒಂದು ಒಣಾ ಸ್ವೆಟರ್. ಪ್ಲಾಸ್ಟಿಕ್ ಪಾಂಚೊ, ಛತ್ರಿ ನಮ್ಮ ಊರಿನ ಮಳಿಗೆ ಸರಿ. ಇಲ್ಲಿ ಮಳಿ ಮ್ಯಾಲಿಂದ ಬರೂದಿಲ್ಲ, ಅಡ್ಡ ಬರ್ತದ.

ಊಟಾ: ಪುಳಿಯೋಗರೆ ರುಚಿಗೆ ಅಡ್ಡಿಯಿಲ್ಲ, ಆದ್ರ ಆ ಥಂಡಿಯಾಗ ಅನ್ನ ಕಾಳುಕಾಳಾಗಿ ಬಿರುಸಾಗ್ತದ. ಕೈಗವಸು ತಗದು ತಿನ್ನಬೇಕು, ಕುಂತು ತಿನ್ನಬೇಕು, ಅಂದ್ರ ಹೊತ್ತು ಹೋತು. ಚಪಾತಿಗೆ ಶೇಂಗಾ ಚಟ್ನಿ ಹಚ್ಚಿ ಸುರುಳಿ ಸುತ್ತಿ ಒಯ್ರಿ, ನಡಕೋತ ತಿನ್ನಬಹುದು. ಖಟಕ್ ರೊಟ್ಟಿ ಬ್ಯಾಡ, ಚೀಲದಾಗ ಪುಡಿಪುಡಿ. ಶೇಂಗಾ ಉಂಡಿ, ಖರ್ಜೂರ ಜಾಕೆಟ್ ಕಿಸೇದಾಗ ಇರ್ಲಿ. ಮುಕ್ಕಾಲು ಗಂಟಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ರಿ. ರಿಬಲ್‌ಹೆಡ್‌ನ್ಯಾಗ ಹೊಟ್ಟಿ ಬಿರಿಯೂ ಹಂಗ ಉಂಡ್ರ ವರ್ನ್‌ಸೈಡ್ ಏರಿನ್ಯಾಗ ತೂಕಡಿಕಿ ಬರ್ತದ.

ನೀರು ಹೊರಡೋವಾಗ 2 ಲೀಟರ್, ರಿಬಲ್‌ಹೆಡ್‌ನ್ಯಾಗ ತುಂಬಿಸ್ಕೊಳ್ರಿ. ಶನಿವಾರ ಅಲ್ಲಿ ರಸ್ತೆ ಕೂಡೋ ಕಡೆ ತಿಂಡಿ ಗಾಡಿ ಹೆಚ್ಚಾಗಿ ಇರ್ತದ, ಹತ್ತಿರ ಪಬ್ ಐತಿ. ಆದ್ರ ಅದನ್ನ ನಂಬಿ ಖಾಲಿ ಬಾಟ್ಲಿ ಹಿಡಕೊಂಡು ಬರಬ್ಯಾಡ್ರಿ. ಹಳ್ಳದ ನೀರು ಕುಡೀಬ್ಯಾಡ್ರಿ, ಮ್ಯಾಲೆಲ್ಲಾ ಕುರಿ. ಹಳ್ಳ ಸಿಗೂದೂ ಗ್ಯಾರಂಟಿ ಇಲ್ಲ. ಸುಣ್ಣಕಲ್ಲಿನ ಸೀಮಿ ಇದು, ನಕ್ಷಾದಾಗ ಕಂಡ ಹಳ್ಳ ನಡುವ ನೆಲದೊಳಗ ಇಳದು ಮಾಯ ಆಗಿರ್ತದ.

ಜಿಗಳಿ ಕಾಟ ಇಲ್ಲ, ಉಪ್ಪು, ತಂಬಾಕು ಪುಡಿ ಬಿಟ್ಟು ಬರ್ರಿ. ಆದ್ರ ರಕ್ತ ಹೀರೋ ಉಣ್ಣಿ ಹುಳ ಇರ್ತಾವ. ಮನಿಗೆ ಬಂದ ಮ್ಯಾಲ ಮೊಣಕಾಲು ಹಿಂದ, ತೊಡಿ ಸಂದು, ಬಗಲು ನೋಡಿಕೊಳ್ರಿ. ಸಣ್ಣ ಚಿಮಟದಿಂದ ಚರ್ಮಕ್ಕ ಹತ್ತಿ ಹಿಡದು ನೆಟ್ಟಗ ಎಳೀರಿ, ತಿರುಚಬ್ಯಾಡ್ರಿ. ಮುಂದಿನ ವಾರಗಳಾಗ ಕೆಂಪು ಉಂಗುರದಂಗ ಗಂದಿ ಎದ್ರ ಡಾಕ್ಟರಿಗೆ ತೋರಸ್ರಿ, ಲೈಮ್ ರೋಗ ಇರಬಹುದು.

ಹೊಸಬೂಟು:

ಇಬ್ಬರಿಗೂ ಧನ್ಯವಾದ. 8 ಗಂಟೆ ಬಿಟ್ಟೆವು, ಪುಳಿಯೋಗರೆ ಶುಕ್ರವಾರ ರಾತ್ರಿಗೆ ಹೋಯಿತು. ಇನ್ನೆರಡು ಪ್ರಶ್ನೆ. ಗೈಡ್ ಇಲ್ಲದೆ ದಾರಿ ಸಿಗುತ್ತಾ? ಎಲ್ಲ ಕಡೆ ಬೋರ್ಡ್ ಇದೆ, ಜನರ ಹಿಂದೆ ಹೋದರೆ ಸಾಕು ಅಂತಾರೆ. ಇನ್ನೊಂದು, ಆರರಲ್ಲಿ ಇಬ್ಬರು ಜೋರು ನಡೆಯೋರು, ಒಬ್ಬರಿಗೆ ಮಂಡಿ ನೋವಿನ ಹಳೇ ಕಥೆ ಇದೆ. ಎರಡು ಗುಂಪು ಮಾಡಿಕೊಳ್ಳಬಹುದಾ?

ನಕ್ಷೆಪೆಟ್ಟಿಗೆ:

ಬೋರ್ಡ್ ಇದೆ, ಜನ ಇದ್ದಾರೆ, ಬಹುಪಾಲು ಕಲ್ಲು ಹಾಸಿದ ದಾರಿಯೂ ಇದೆ. ಬಿಸಿಲಿದ್ದರೆ ತಪ್ಪುವ ಪ್ರಶ್ನೆ ಕಡಿಮೆ. ಆದರೆ ನೀವು ಹಿಂಬಾಲಿಸುವ ಜನ ನಿಮ್ಮದೇ ಸುತ್ತು ಮಾಡುತ್ತಿದ್ದಾರೆ ಅಂತ ಏನು ಖಾತ್ರಿ? ಒಂದೊಂದು ಬೆಟ್ಟಕ್ಕೂ ಬೇರೆ ಬೇರೆ ಕಡೆಯಿಂದ ಬಂದು ಇಳಿದು ಹೋಗುವವರೇ ತುಂಬಾ ಮಂದಿ. ದಾರಿ ತಪ್ಪುವುದು ಮುಖ್ಯವಾಗಿ ಮೂರು ಕಡೆ.

ಒಂದು, ಪೆನಿಗೆಂಟ್ ಇಳಿಯುವಾಗ. ತುದಿಯಲ್ಲಿ ಗೋಡೆ ದಾಟಿ ಪಶ್ಚಿಮಕ್ಕೆ ಇಳಿಯಬೇಕು. ಕೆಳಗೆ ಬಂದಾಗ ಚೆನ್ನಾಗಿ ಸವೆದ ಅಗಲ ದಾರಿಯೊಂದು ಎಡಕ್ಕೆ ಹಾರ್ಟನ್ ಕಡೆಗೇ ಹೋಗುತ್ತದೆ. ಪೆನಿಗೆಂಟ್ ಒಂದನ್ನೇ ಹತ್ತುವವರು ಅದರಲ್ಲಿ ಇಳಿಯುತ್ತಾರೆ. ಅವರ ಹಿಂದೆ ಹೋದರೆ ಒಂಬತ್ತೂವರೆಗೆ ಹೊರಟ ಜಾಗದಲ್ಲೇ ಇರುತ್ತೀರಿ. ನಿಮಗೆ ಬೇಕಾದದ್ದು ವಿಟ್ಬರ್ ಹಿಲ್ ಮೇಲೆ ಹಾದು ಹೋಗುವ ದಾರಿ. ಹಳೆಯ ನಕ್ಷೆ, ಹಳೆಯ ಜಿಪಿಎಸ್ ಫೈಲುಗಳು ಬ್ಲ್ಯಾಕ್ ಡಬ್ ಮಾಸ್ ಎಂಬ ಜವುಗಿನ ಮೂಲಕ ಕರೆದೊಯ್ಯುತ್ತವೆ. ಅಲ್ಲಿ ಮೊಣಕಾಲುದ್ದ ಕೆಸರು, ಸುತ್ತಿನ ದಾರಿಯನ್ನು ಬದಲಿಸಿದ್ದೇ ಆ ಕಾರಣಕ್ಕೆ. ಎಲ್ಲಿಂದಲೋ ಇಳಿಸಿಕೊಂಡ ಫೈಲ್ ಆದರೆ ಈ ತಿರುವನ್ನು ಮೊದಲು ನೋಡಿ.

ಎರಡು, ರಿಬಲ್‌ಹೆಡ್. 24 ಕಮಾನಿನ ಆ ರೈಲು ಸೇತುವೆ ನೋಡಿದವರೆಲ್ಲ ಫೋಟೊಗೆ ಅಂತ ಕಮಾನಿನ ಕೆಳಗೆ ನುಗ್ಗುತ್ತಾರೆ. ಅಲ್ಲಿಂದಲೂ ಒಂದು ದಾರಿ ಮುಂದೆ ಹೋಗುತ್ತದೆ, ಅದು ಕೆಳಗಿನ ಹೊಲಮನೆಗಳ ದಾರಿ. ಫೋಟೊ ತೆಗೆದು ವಾಪಸ್ ಬನ್ನಿ. ಹಳಿಯನ್ನು ಎಡಕ್ಕಿಟ್ಟುಕೊಂಡು ಉತ್ತರಕ್ಕೆ, ಬ್ಲೀ ಮೂರ್ ರೈಲ್ವೆ ಸಿಗ್ನಲ್ ಕ್ಯಾಬಿನ್ ದಾಟಿ ಹೋದರೆ, ಹಳಿಯ ಮೇಲೆ ಹಳ್ಳವನ್ನೇ ಹಾಯಿಸಿರುವ ಕಾಲುವೆ ಸೇತುವೆ ಸಿಗುತ್ತದೆ. ಅಲ್ಲೇ ಎಡಕ್ಕೆ ದಾಟಿ ವರ್ನ್‌ಸೈಡ್ ಏರು. ಉದ್ದವಾದರೂ ಹದವಾದ ಏರು.

ಮೂರನೆಯದು ಇಂಗಲ್‌ಬರೊ. ನಿಜವಾದ ಅಪಾಯ ಇರುವುದು ಇಲ್ಲೇ. ಇದರ ತುದಿ ಮೊನಚಲ್ಲ, ಕೆಲವು ನೂರು ಮೀಟರ್ ಅಗಲದ ಬಯಲು. ಮೋಡ ಕವಿದರೆ ನಡುವಿನ ಶಿಲುಬೆಯಾಕಾರದ ಕಲ್ಲಿನ ಆಸರೆಯಿಂದ ಅಂಚು ಕಾಣುವುದಿಲ್ಲ, ನಾಲ್ಕೂ ಕಡೆ ಒಂದೇ ಥರ. ನೈಋತ್ಯಕ್ಕೆ ಇಳಿದರೆ ಇಂಗಲ್ಟನ್, ಆಗ್ನೇಯಕ್ಕೆ ಇಳಿದರೆ ಕ್ಲಾಪಮ್. ಎರಡೂ ಕಡೆ ಒಳ್ಳೆಯ ದಾರಿ ಇರುವುದರಿಂದ ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಅರ್ಧ ಇಳಿದಾಗಿರುತ್ತದೆ. ಕ್ಲಾಪಮ್ ಕಡೆ ಗೇಪಿಂಗ್ ಗಿಲ್ ಎಂಬ ಸುಮಾರು 100 ಮೀಟರ್ ಆಳದ ಬಾವಿಯಂಥ ಕುಳಿಯೂ ಇದೆ.

ಉಪಾಯ ಸರಳ. ಹತ್ತುವಾಗ ಕಡಿದಾದ ಏರು ಮುಗಿದು ಬಯಲಿಗೆ ಇನ್ನೇನು ಬಂದೆವು ಅನ್ನುವಲ್ಲಿ, ಹಾರ್ಟನ್ ಕಡೆಯ ದಾರಿ ಎಡಗಡೆಯಿಂದ ಬಂದು ಕೂಡುತ್ತದೆ. ಅಲ್ಲಿ ನಿಂತು ಫೋನಿನಲ್ಲಿ ಆ ಜಾಗ ಗುರುತು ಹಾಕಿಕೊಳ್ಳಿ, ಹಿಂತಿರುಗಿ ಒಂದು ಫೋಟೊ ತೆಗೆಯಿರಿ. ತುದಿ ಮುಟ್ಟಿ ಅದೇ ಈಶಾನ್ಯದ ಅಂಚಿಗೆ ವಾಪಸ್ ಬಂದು, ಬಲಗಡೆಯ ದಾರಿ ಹಿಡಿಯಿರಿ. ದಿಕ್ಸೂಚಿ ಇಬ್ಬರ ಬಳಿಯಾದರೂ ಇರಲಿ.

ಕಾಗದದ ನಕ್ಷೆ ಓಎಸ್ ಎಕ್ಸ್‌ಪ್ಲೋರರ್ ಓಎಲ್ 2, ಮೂರೂ ಬೆಟ್ಟ ಒಂದೇ ಹಾಳೆಯಲ್ಲಿವೆ. ಫೋನಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ದಾರಿಯಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ.

ಗುಂಪಿನ ವಿಷಯ: ಒಡೆಯಬೇಡಿ. ಒಡೆಯಲೇಬೇಕೆಂದರೆ ಮೂರು ಮೂರು, ಎರಡೂ ಕಡೆ ನಕ್ಷೆ, ಟಾರ್ಚ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಜೋರು ನಡೆಯುವವರನ್ನು ಹಿಂದೆ ಹಾಕಿ, ಮಂಡಿ ನೋವಿನವರು ಮುಂದೆ ನಡೆಯಲಿ. ಉಲ್ಟಾ ಮಾಡಿದರೆ ಮುಂದಿದ್ದವರು ಕಾದು ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ, ಹಿಂದಿನವರು ಬಂದ ಕೂಡಲೇ ಎದ್ದು ಹೊರಡುತ್ತಾರೆ. ಸುಸ್ತಾದವರಿಗೇ ವಿಶ್ರಾಂತಿ ಇಲ್ಲದ ಹಾಗೆ.

ಏರುತಗ್ಗು:

ಮಂಡಿಗೆ: ಊರುಗೋಲು ಒಂದಲ್ಲ, ಜೋಡಿ ತನ್ನಿ. ಬೇಕಾಗೋದು ವರ್ನ್‌ಸೈಡ್ ಇಳಿಜಾರಿಗೆ. ಚಾಪೆಲ್-ಲಿ-ಡೇಲ್ ಕಡೆ ಕಡಿದಾದ ಕಲ್ಲಿನ ಮೆಟ್ಟಿಲು, ಮಂಡಿ ಹೋಗೋದು ಅಲ್ಲೇ. ಇಳಿಯುವಾಗ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ. ಪೆನಿಗೆಂಟ್ ಬಂಡೆ ಹತ್ತುವಾಗ ಮಾತ್ರ ಮಡಚಿ ಚೀಲಕ್ಕೆ ಹಾಕಿ, ಅಲ್ಲಿ ಕೈ ಖಾಲಿ ಇರಬೇಕು.

ಗಾಳಿ ಬಗ್ಗೆ ಯಾರೂ ಹೇಳಿಲ್ಲ. ಊರಿನ ಹವಾಮಾನ ನೋಡಬೇಡಿ. ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸ್‌ನವರದೂ, ಬೆಟ್ಟಗಳ ಹವಾಮಾನ ಹೇಳುವ ಎಂಡಬ್ಲ್ಯುಐಎಸ್‌ನವರದೂ ಯಾರ್ಕ್‌ಶೈರ್ ಡೇಲ್ಸ್‌ಗೆ ಬೇರೆಯದೇ ಬೆಟ್ಟದ ಮುನ್ಸೂಚನೆ ಇದೆ. ಗುರುವಾರ ಒಮ್ಮೆ, ಶುಕ್ರವಾರ ರಾತ್ರಿ ಒಮ್ಮೆ ಓದಿ. ತುದಿಯಲ್ಲಿ ಗಾಳಿ ಗಂಟೆಗೆ 40 ಮೈಲಿ ದಾಟುತ್ತೆ ಅಂತಿದ್ದರೆ ಮುಂದಿನ ವಾರಕ್ಕೆ ಹಾಕಿ. ಮಳೆಯಲ್ಲಿ ನಡೆಯಬಹುದು. ವರ್ನ್‌ಸೈಡ್‌ನ ಬೋಳು ದಿಣ್ಣೆ ಮೇಲೆ ಆ ಗಾಳಿಗೆ ಎದುರಾಗಿ ನಡೆದರೆ ಮೇಲೆ ಹಾಕಿದ ವೇಳಾಪಟ್ಟಿ ಪೂರ್ತಿ ಸುಳ್ಳಾಗುತ್ತೆ. ಅಕ್ಟೋಬರ್ ಕೊನೆಗಂತೂ ಮುಂದೂಡಬೇಡಿ, ಗಡಿಯಾರ ಹಿಂದಿಟ್ಟ ಮೇಲೆ ಐದು ಗಂಟೆಗೆಲ್ಲ ಕತ್ತಲು. ಸೆಪ್ಟೆಂಬರ್ ತಪ್ಪಿದರೆ ಮುಂದಿನ ಮೇ-ಜೂನ್. ಆಗ ರಾತ್ರಿ ಒಂಬತ್ತೂವರೆವರೆಗೂ ಬೆಳಕು, ಎಂಟು ಗಂಟೆಗೆ ಹೊರಡುವ ನಿಮ್ಮ ಮೊದಲ ಪ್ಲಾನ್ ಕೂಡ ಆಗ ನಡೆಯುತ್ತೆ.

ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು. ಫೋನಿನ ಬೆಳಕು ಲೆಕ್ಕಕ್ಕಿಲ್ಲ, ಅದರ ಬ್ಯಾಟರಿ ನಕ್ಷೆಗೆ ಬೇಕು.

ನಕ್ಷೆಪೆಟ್ಟಿಗೆ:

ಮರೆತ ಮಾತು. ಯಾರಾದರೂ ಬಿದ್ದು ನಡೆಯಲಾಗದಿದ್ದರೆ 999ಕ್ಕೆ ಕರೆ ಮಾಡಿ ಮೊದಲು "ಪೊಲೀಸ್" ಅನ್ನಿ, ಆಮೇಲೆ "ಮೌಂಟನ್ ರೆಸ್ಕ್ಯೂ". ನೇರ ಆಂಬುಲೆನ್ಸ್ ಕೇಳಿದರೆ ರಸ್ತೆ ಇಲ್ಲದ ಜಾಗ ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ಈ ಸೀಮೆಗೆ ಬರುವವರು ಕ್ಲಾಪಮ್‌ನ ಕೇವ್ ರೆಸ್ಕ್ಯೂ ಆರ್ಗನೈಸೇಷನ್, 1935ರಿಂದ ಇರುವ ಸ್ವಯಂಸೇವಕರು, ದುಡ್ಡು ತೆಗೆದುಕೊಳ್ಳುವುದಿಲ್ಲ. ಸಿಗ್ನಲ್ ಕುಂಟುವ ಕಡೆ ಮೆಸೇಜ್ ಹೋಗಬಹುದು. ಅದಕ್ಕೆ 999ಕ್ಕೆ "ರಿಜಿಸ್ಟರ್" ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಕಳಿಸಿ ಮೊದಲೇ ನೋಂದಾಯಿಸಿಕೊಂಡಿರಬೇಕು, ಇವತ್ತೇ ಮಾಡಿ. ಸೀಟಿ ಇದ್ದರೆ ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಹೊಸಬೂಟು:

ಸರಿ, ಶುಕ್ರವಾರ ರಾತ್ರಿ ಸೆಟಲ್‌ನಲ್ಲಿ ಉಳಿದು, ಎರಡು ಕಾರಲ್ಲಿ 6:15ಕ್ಕೆ ಹಾರ್ಟನ್. ಪಾರ್ಕಿಂಗ್ ಸಿಗುತ್ತೆ ತಾನೇ?

ಧಾರವಾಡಮಳಿ:

ಅಷ್ಟೊತ್ತಿಗೆ ಸಿಗ್ತದ, ಎಂಟಕ್ಕ ಬಂದಿದ್ರ ಕಷ್ಟ ಇತ್ತು. ರಸ್ತೆ ಅಂಚಿನ ಹುಲ್ಲಿನ ಮ್ಯಾಲ ಮಾತ್ರ ನಿಲ್ಲಿಸಬ್ಯಾಡ್ರಿ, ಟ್ರ್ಯಾಕ್ಟರ್ ಹೋಗಾಕ ಜಾಗಾ ಇರೂದಿಲ್ಲ. ಹೊರಡೂಕಿಂತ ಮೊದಲ ಕಾರ್ ಪಾರ್ಕಿನ ಹತ್ತಿರದ ಶೌಚಾಲಯಕ್ಕ ಹೋಗಿ ಬರ್ರಿ, ಮುಂದ 16 ಕಿಲೋಮೀಟರ್ ಬಯಲ.

ಎರಡು ಕಾರು ಅಂದ್ರ ಒಂದನ್ನ ಬೆಳಿಗ್ಗೆ ರಿಬಲ್‌ಹೆಡ್‌ನ್ಯಾಗ ಬಿಟ್ಟು ಬರ್ರಿ, ಹಾರ್ಟನ್‌ನಿಂದ ದೂರ ಇಲ್ಲ. ಒದ್ದಿ ಆದ್ರ ಹಾಕ್ಕೊಳ್ಳಾಕ ಬಟ್ಟಿ, ಎರಡನೇ ಹೊತ್ತಿನ ನೀರು ಅದರಾಗ ಇಡಬಹುದು, ಹೆಗಲ ಮ್ಯಾಲಿನ ಭಾರ ಇಳೀತದ. ಹಿಲ್ ಇನ್ ಹತ್ತಿರ ಯಾರಾದ್ರೂ ನಿಂತ್ರೂ ರಸ್ತೆ ಹಿಡದು 3–4 ಕಿ.ಮೀ. ನಡದ್ರ ಅದ ಕಾರು. ಆ ಕಾರಿನ ಕೀಲಿ ಮಂಡಿ ನೋವಿನವರ ಕಿಸೇದಾಗ ಇರ್ಲಿ, ಕಾರು ಹೊಡಿಯೋರೊಬ್ರು ಅವರ ಜೋಡಿ ಇರ್ಲಿ.